'ಹಳೆಯ' ಎಂಬ ವಿಶೇಷಣ: ಯೆಹೂದ್ಯರೊಡನೆ ದೇವರ ಒಡಂಬಡಿಕೆ ಮತ್ತು ಕ್ರೈಸ್ತ ಓದಿನ ಎರಡು ಮಾರ್ಗಗಳು

೧

ಕನ್ನಡ ಬೈಬಲ್ಲನ್ನು ತೆರೆದವರಿಗೆ ಮೊದಲು ಎದುರಾಗುವುದು ಎರಡು ಶೀರ್ಷಿಕೆಗಳು: ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ. ಗ್ರಂಥದ ಎರಡು ಭಾಗಗಳನ್ನು ಗುರುತಿಸುವ ನಿರಪಾಯದ ಹೆಸರುಗಳೆಂದೇ ನಾವು ಇವನ್ನು ಬಳಸುತ್ತ ಬಂದಿದ್ದೇವೆ. ಆದರೆ 'ಹಳೆಯದು' ಎಂಬ ಮಾತಿಗೆ ಕನ್ನಡದಲ್ಲಿ ಎರಡು ದಿಕ್ಕುಗಳಿವೆ. ಹಳೆಯ ಬೇರು, ಹಳೆಯ ನಂಟು ಎನ್ನುವಾಗ ಅದು ಗಟ್ಟಿತನವನ್ನು ಸೂಚಿಸುತ್ತದೆ. ಹಳೆಯ ಪಂಚಾಂಗ ಎನ್ನುವಾಗ ಕಾಲ ಮುಗಿದುದನ್ನು ಸೂಚಿಸುತ್ತದೆ. ದೇವರು ಯೆಹೂದಿ ಜನರೊಡನೆ ಮಾಡಿಕೊಂಡನೆಂದು ಬೈಬಲ್ ಹೇಳುವ ಒಡಂಬಡಿಕೆ ಇವೆರಡರಲ್ಲಿ ಯಾವ ಅರ್ಥದಲ್ಲಿ ಹಳೆಯದು? ಬೇರಿನಂತೆಯೋ, ಪಂಚಾಂಗದಂತೆಯೋ?

ಇದು ಬರಿಯ ಶಬ್ದಚರ್ಚೆಯಲ್ಲ. ಕ್ರೈಸ್ತ ಸಭೆ ತನ್ನ ಇತಿಹಾಸದ ಬಹುಭಾಗ ಎರಡನೆಯ ಅರ್ಥವನ್ನೇ ಹಿಡಿದು ನಡೆಯಿತು. ಇಸ್ರಾಯೇಲು ತನ್ನ ಪಾಲನ್ನು ಕಳೆದುಕೊಂಡಿತು, ಆ ಪಾಲು ಸಭೆಗೆ ಸಂದಿತು ಎಂಬ ಈ ನಿಲುವನ್ನು ನಾವು ಇಲ್ಲಿ ಸ್ಥಾನಪಲ್ಲಟದ ಸಿದ್ಧಾಂತವೆಂದು ಕರೆಯುತ್ತೇವೆ. ಯುರೋಪಿನ ಯೆಹೂದ್ಯರ ಬದುಕಿನ ಮೇಲೆ ಅದು ಎಂಥ ನೆರಳನ್ನು ಚೆಲ್ಲಿತೆಂಬುದು ೧೯೪೫ರ ತರುವಾಯ ಯಾರೂ ತಳ್ಳಿಹಾಕಲಾಗದ ಸಂಗತಿ. ಆ ಬಳಿಕದ ಎಂಟು ದಶಕಗಳಲ್ಲಿ ಹಲವು ಕ್ರೈಸ್ತ ಸಭೆಗಳು ಈ ಸಿದ್ಧಾಂತವನ್ನು ಕೈಬಿಟ್ಟು, ಯೆಹೂದ್ಯರೊಡನೆ ದೇವರು ಮಾಡಿಕೊಂಡ ಒಡಂಬಡಿಕೆ ಇಂದಿಗೂ ಊರ್ಜಿತವಾಗಿದೆ ಎಂದು ಸಾರಿವೆ. ಇದನ್ನು ಕೆಲವರು ತಪ್ಪೊಪ್ಪಿಗೆಯ ಸೌಜನ್ಯವೆಂದೂ ಕೆಲವರು ಮೂಲಗ್ರಂಥದಿಂದ ದೂರ ಸರಿದ ರಾಜಿಯೆಂದೂ ಭಾವಿಸುತ್ತಾರೆ.

ನಮ್ಮ ಪ್ರತಿಪಾದನೆ ಇವೆರಡಕ್ಕಿಂತ ಭಿನ್ನ. ಒಡಂಬಡಿಕೆ ರದ್ದಾಗಿಲ್ಲವೆಂಬ ನಿಲುವು ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಸ್ತರದಲ್ಲಿ, ಪೌಲನ ವಾದದ ತರ್ಕದಲ್ಲಿಯೇ ಇದೆ. ಅದನ್ನು ಬಿಟ್ಟರೆ ಕ್ರೈಸ್ತ ಭರವಸೆಗೇ ಬುಡವಿಲ್ಲದಂತಾಗುತ್ತದೆ. ಇದನ್ನು ನಾವು ದೈವಶಾಸ್ತ್ರಜ್ಞರಾಗಿ ಅಲ್ಲ, ಪಠ್ಯ, ಪದ ಮತ್ತು ರೂಪಕಗಳನ್ನು ಪರಿಶೀಲಿಸುವ ವಿಮರ್ಶೆಯ ನೆಲೆಯಿಂದ ಮಂಡಿಸುತ್ತಿದ್ದೇವೆ.

೨

ಮೊದಲಿಗೆ ಪದದ ವಿಚಾರ. ಹೀಬ್ರೂ ಮೂಲದಲ್ಲಿ ಇರುವ ಪದ 'ಬೆರೀತ್'. ಅದರೊಡನೆ ಬರುವ ಕ್ರಿಯಾಪದಕ್ಕೆ 'ಕಡಿ', 'ಕತ್ತರಿಸು' ಎಂದು ಅರ್ಥ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ಮಾಡುವುದಿಲ್ಲ, ಕಡಿಯುತ್ತಾರೆ. ಇದರ ಹಿನ್ನೆಲೆ ಆದಿಕಾಂಡದ ೧೫ನೆಯ ಅಧ್ಯಾಯದಲ್ಲಿ ಕಾಣುತ್ತದೆ. ಪ್ರಾಣಿಗಳನ್ನು ಸೀಳಿ ಎದುರುಬದುರಾಗಿ ಇಡಲಾಗಿದೆ. ಪ್ರಾಚೀನ ಪದ್ಧತಿಯಂತೆ ಪ್ರತಿಜ್ಞೆ ಮಾಡುವವನು ಆ ತುಂಡುಗಳ ನಡುವೆ ಹಾದುಹೋಗಬೇಕು. ಮಾತಿಗೆ ತಪ್ಪಿದರೆ ತನಗೂ ಇದೇ ಗತಿಯಾಗಲಿ ಎಂಬುದು ಅದರ ಇಂಗಿತ. ಆದರೆ ಇಲ್ಲಿ ಅಬ್ರಾಮನು ಗಾಢ ನಿದ್ರೆಯಲ್ಲಿದ್ದಾನೆ. ಹಾದುಹೋಗುವುದು ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು, ಅಂದರೆ ದೇವರ ಸಾನ್ನಿಧ್ಯದ ಕುರುಹುಗಳು ಮಾತ್ರ. ಆಣೆಯಿಡುವವನು ಒಬ್ಬನೇ, ದೇವರು.

ಇದಕ್ಕೆ ವ್ಯತಿರಿಕ್ತವಾದ ಚಿತ್ರ ವಿಮೋಚನಕಾಂಡದ ೨೪ನೆಯ ಅಧ್ಯಾಯದಲ್ಲಿದೆ. ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆಯು ಒಡಂಬಡಿಕೆಯ ಗ್ರಂಥವನ್ನು ಓದಿ ಹೇಳುತ್ತಾನೆ. ಜನರು ಅದರಂತೆ ನಡೆಯುವುದಾಗಿ ಒಪ್ಪುತ್ತಾರೆ. ಬಲಿಯ ರಕ್ತವನ್ನು ಅವರ ಮೇಲೆ ಪ್ರೋಕ್ಷಿಸಲಾಗುತ್ತದೆ. ಇಲ್ಲಿ ಎರಡು ಪಕ್ಷಗಳಿವೆ, ಷರತ್ತುಗಳಿವೆ, ಸಮ್ಮತಿಯಿದೆ. ಹೀಗೆ ಬೆರೀತ್ ಎಂಬ ಒಂದೇ ಪದದೊಳಗೆ ಏಕಪಕ್ಷೀಯ ಪ್ರತಿಜ್ಞೆ ಮತ್ತು ಉಭಯಪಕ್ಷಗಳ ಕರಾರು ಎರಡೂ ಅಡಗಿವೆ. ಮುಂದಿನ ಎಲ್ಲ ವಿವಾದಗಳ ಬೀಜ ಈ ದ್ವಂದ್ವದಲ್ಲಿದೆ. ಕರಾರಾದರೆ ಒಬ್ಬರು ಮುರಿದಾಗ ಇನ್ನೊಬ್ಬರು ಬಿಡುಗಡೆ ಹೊಂದುತ್ತಾರೆ. ಪ್ರತಿಜ್ಞೆಯಾದರೆ ಪಡೆದವನ ತಪ್ಪಿನಿಂದ ಕೊಟ್ಟವನ ಮಾತು ಸುಳ್ಳಾಗುವುದಿಲ್ಲ.

ಗ್ರೀಕ್ ಅನುವಾದಕರು ಬೆರೀತಿಗೆ ಪರಸ್ಪರ ಒಪ್ಪಂದವೆಂಬ ಅರ್ಥದ ಪದವನ್ನು ಬಿಟ್ಟು, 'ದಿಯಾಥೇಕೆ' ಎಂಬುದನ್ನು ಆರಿಸಿಕೊಂಡರು. ಅದರ ಲೌಕಿಕ ಅರ್ಥ ಉಯಿಲು. ಕೊಡುವವನ ಇಚ್ಛೆಯೇ ಪ್ರಧಾನವೆಂಬುದನ್ನು ಅದು ಉಳಿಸಿಕೊಂಡಿತು. ಲ್ಯಾಟಿನ್ನಿನ 'ಟೆಸ್ಟಮೆಂಟುಮ್' ಎಂಬ ಪದದ ಮೂಲಕ ಇದೇ ಉಯಿಲಿನ ಅರ್ಥ ಯುರೋಪಿನ ಭಾಷೆಗಳಿಗೆ ಹರಿಯಿತು. ಇದರಿಂದ ಮತ್ತೊಂದು ತೊಡಕು ಹುಟ್ಟಿತು. ಎರಡನೆಯ ಉಯಿಲು ಬರೆದೊಡನೆ ಮೊದಲನೆಯದು ಬಿದ್ದುಹೋಗುವುದು ನ್ಯಾಯಾಲಯದ ವಾಡಿಕೆ. 'ಹೊಸ' ಮತ್ತು 'ಹಳೆಯ' ಎಂಬ ವಿಶೇಷಣಗಳು ಸೇರಿಕೊಂಡಾಗ ಓದುಗನ ಮನಸ್ಸು ಆ ಕಡೆಗೆ ತಾನಾಗಿಯೇ ವಾಲುತ್ತದೆ.

ಕನ್ನಡದ 'ಒಡಂಬಡಿಕೆ' ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ೧೯ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳಿಂದ ಆರಂಭವಾದ ಬೈಬಲ್ ಭಾಷಾಂತರದ ಪರಂಪರೆಯಲ್ಲಿ ನೆಲೆಗೊಂಡ ಈ ಪದ ಅಚ್ಚಗನ್ನಡದ್ದು. ಒಡಂಬಡು ಎಂದರೆ ಸಮ್ಮತಿಸು. ಆದ್ದರಿಂದ ಸೀನಾಯಿಯ ಪ್ರಸಂಗಕ್ಕೆ ಅದು ಒಪ್ಪುವಷ್ಟು ಅಬ್ರಾಮನ ಪ್ರಸಂಗಕ್ಕೆ ಒಪ್ಪುವುದಿಲ್ಲ. ನಿದ್ರಿಸುತ್ತಿರುವವನು ಒಡಂಬಡುವುದಾದರೂ ಹೇಗೆ? ಆ ಪ್ರಸಂಗಕ್ಕೆ ಹತ್ತಿರವಾದ ಮಾತು ನಮ್ಮಲ್ಲಿ ಬೇರೊಂದಿದೆ, ಅದು 'ಭಾಷೆ'. ಭಾಷೆ ಕೊಡುವುದು, ಭಾಷೆಗೆ ತಪ್ಪದಿರುವುದು ಎಂಬಲ್ಲಿನ ಭಾಷೆ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಗೆ ಕೊಟ್ಟದ್ದು ಕರಾರಲ್ಲ, ಭಾಷೆ. ಹುಲಿ ಅದಕ್ಕೆ ಅರ್ಹವೇ ಅಲ್ಲವೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಮಾತಿನ ಸತ್ಯ ಕೊಟ್ಟವಳಲ್ಲಿದೆ. ಅನುವಾದವನ್ನು ಬದಲಿಸಬೇಕೆಂಬುದು ನಮ್ಮ ಸಲಹೆಯಲ್ಲ. ಒಡಂಬಡಿಕೆ ಎಂಬ ಪದ ಕಾಣುವಾಗಲೆಲ್ಲ ಅದರ ಬೆನ್ನಿಗೆ ಭಾಷೆ ಎಂಬ ಅರ್ಥವನ್ನೂ ಕೇಳಿಸಿಕೊಳ್ಳದಿದ್ದರೆ ವಾದದ ಅರ್ಧಭಾಗ ನಮಗೆ ತಪ್ಪಿಹೋಗುತ್ತದೆ ಎಂಬುದಷ್ಟೇ ನಮ್ಮ ಮಾತು.

೩

ಪಂಚಾಂಗದ ಅರ್ಥಕ್ಕೆ ಆಧಾರವಾಗಿ ಉದ್ದಕ್ಕೂ ಉದ್ಧೃತವಾದ ಕೃತಿ ಇಬ್ರಿಯರಿಗೆ ಬರೆದ ಪತ್ರಿಕೆ. ಇದರ ಕರ್ತೃವಿನ ಹೆಸರು ಪಠ್ಯದಲ್ಲಿಲ್ಲ. ಪೌಲನದೆಂದು ಬಹುಕಾಲ ನಂಬಲಾಗಿದ್ದರೂ ಇಂದಿನ ವಿದ್ವತ್ತು ಅದನ್ನು ಒಪ್ಪುವುದಿಲ್ಲ. ಪತ್ರಿಕೆಯ ೮ನೆಯ ಅಧ್ಯಾಯ ಪ್ರವಾದಿ ಯೆರೆಮೀಯನ ೩೧ನೆಯ ಅಧ್ಯಾಯದಿಂದ ದೀರ್ಘವಾದ ಭಾಗವೊಂದನ್ನು ಎತ್ತಿಕೊಳ್ಳುತ್ತದೆ. ಇಡೀ ಹೊಸ ಒಡಂಬಡಿಕೆಯಲ್ಲಿ ಹೀಬ್ರೂ ಧರ್ಮಗ್ರಂಥದಿಂದ ತೆಗೆದುಕೊಂಡ ಅತಿ ದೀರ್ಘ ಉದ್ಧರಣೆ ಇದು. ಬಳಿಕ, 'ಹೊಸದು' ಎಂದು ಹೇಳಿದುದರಿಂದಲೇ ಮೊದಲನೆಯದು ಹಳತಾಯಿತು, ಹಳತಾದುದು ಅಳಿವಿಗೆ ಸಮೀಪವಾಗಿದೆ ಎಂದು ತೀರ್ಮಾನಿಸುತ್ತದೆ.

ಯೆರೆಮೀಯನ ಮೂಲವನ್ನು ಪಕ್ಕದಲ್ಲಿಟ್ಟು ಓದಿದರೆ ಮೂರು ಸಂಗತಿಗಳು ಗೋಚರಿಸುತ್ತವೆ. ಒಂದು, ಹೊಸ ಒಡಂಬಡಿಕೆ ಯಾರೊಡನೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ: ಇಸ್ರಾಯೇಲಿನ ಮನೆತನದೊಡನೆ, ಯೆಹೂದದ ಮನೆತನದೊಡನೆ. ಪಕ್ಷ ಬದಲಾಗಿಲ್ಲ. ಎರಡು, ಅದರ ವಸ್ತುವೂ ಬೇರೆಯಲ್ಲ. ಕಲ್ಲಿನ ಮೇಲಿದ್ದ ಧರ್ಮೋಪದೇಶವನ್ನೇ ಹೃದಯದ ಮೇಲೆ ಬರೆಯಲಾಗುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಬ್ರಿಯರ ಪತ್ರಿಕೆಯ ಉದ್ಧರಣೆ ೩೪ನೆಯ ವಚನಕ್ಕೆ ನಿಲ್ಲುತ್ತದೆ. ಆದರೆ ೩೫ರಿಂದ ೩೭ರ ವರೆಗಿನ ವಚನಗಳಲ್ಲಿ ಯೆರೆಮೀಯನು ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆಯನ್ನು ಸಾಕ್ಷಿಯಾಗಿ ಕರೆಯುತ್ತಾನೆ; ಆ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲು ಜನಾಂಗವಾಗಿ ಉಳಿಯದೆ ಹೋಗಬಹುದು ಎಂಬುದು ಆ ಮಾತಿನ ಸಾರ. ಅಂದರೆ ಹೊಸ ಒಡಂಬಡಿಕೆಯ ಪ್ರವಾದನೆ ಇಸ್ರಾಯೇಲಿನ ಶಾಶ್ವತತೆಯ ಪ್ರವಾದನೆಯೊಡನೆ ಒಂದೇ ಉಸಿರಿನಲ್ಲಿ ಬಂದಿದೆ. ಉದ್ಧರಣೆಯ ಗೆರೆ ಎಳೆದ ಜಾಗದಲ್ಲಿ ಅರ್ಥವೂ ತುಂಡಾಗಿದೆ.

ಪತ್ರಕಾರನನ್ನು ಇದಕ್ಕಾಗಿ ದೂಷಿಸುವುದು ಸುಲಭ, ಆದರೆ ಸರಿಯಲ್ಲ. ಅವನ ಕಾಳಜಿ ಯಾಜಕತ್ವ ಮತ್ತು ಬಲಿಯಾರಾಧನೆ. ಆತನು ಎಲ್ಲಿಯೂ ಅನ್ಯಜನರ ಸಭೆಯನ್ನು ಯೆಹೂದಿ ಜನರ ಎದುರು ನಿಲ್ಲಿಸುವುದಿಲ್ಲ. ಅನ್ಯಜನರ ಪ್ರಸ್ತಾಪವೇ ಪತ್ರಿಕೆಯಲ್ಲಿಲ್ಲ. ಬಲಿಪೀಠದ ವಿಧಿಗಳು ಹಳತಾದವು ಎನ್ನುವುದು ಒಂದು ಮಾತು, ಜನಾಂಗವೇ ಹಳತಾಯಿತು ಎನ್ನುವುದು ಬೇರೆ ಮಾತು. ಯೆರೂಸಲೇಮಿನ ದೇವಾಲಯ ಕ್ರಿ.ಶ. ೭೦ರಲ್ಲಿ ನಾಶವಾದ ಮೇಲೆ ಯೆಹೂದ್ಯ ಧರ್ಮವೂ ಬಲಿಯಿಲ್ಲದೆ, ಪ್ರಾರ್ಥನೆ ಮತ್ತು ಅಧ್ಯಯನದ ಮೇಲೆ ತನ್ನನ್ನು ಪುನಃ ಕಟ್ಟಿಕೊಂಡಿತು. ಮೊದಲ ಮಾತಿನಿಂದ ಎರಡನೆಯದಕ್ಕೆ ಜಾರಿದವರು ಪತ್ರಕಾರನಿಗಿಂತ ಹೆಚ್ಚಾಗಿ ಅವನ ಓದುಗರು.

೪

ಬೇರಿನ ಅರ್ಥಕ್ಕೆ ಆಧಾರ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೯ರಿಂದ ೧೧ರ ವರೆಗಿನ ಅಧ್ಯಾಯಗಳು. ಸುಮಾರು ಕ್ರಿ.ಶ. ೫೭ರ ಹೊತ್ತಿಗೆ, ಅಂದರೆ ದೇವಾಲಯ ಇನ್ನೂ ನಿಂತಿದ್ದಾಗ, ರಚಿತವಾದ ಪತ್ರಿಕೆಯಿದು. ಪೌಲನ ಸಂಕಟ ವೈಯಕ್ತಿಕವಾದುದು. ತಾನು ಸಾರುವ ಮೆಸ್ಸೀಯನನ್ನು ತನ್ನ ಜನರಲ್ಲಿ ಬಹುಮಂದಿ ಒಪ್ಪುತ್ತಿಲ್ಲ, ಅನ್ಯಜನರು ಒಪ್ಪುತ್ತಿದ್ದಾರೆ. ಹಾಗಾದರೆ ದೇವರು ಕೊಟ್ಟ ಮಾತು ಬಿದ್ದುಹೋಯಿತೇ? ೯ನೆಯ ಅಧ್ಯಾಯದ ಆರಂಭದಲ್ಲಿಯೇ ಅವನು ಇಸ್ರಾಯೇಲ್ಯರಿಗೆ ಸೇರಿದ ಸಂಪತ್ತನ್ನು ಪಟ್ಟಿಮಾಡುತ್ತಾನೆ. ಅದರಲ್ಲಿ ಒಡಂಬಡಿಕೆಗಳೂ ಸೇರಿವೆ, ಬಹುವಚನದಲ್ಲಿ. ಅವು ಅವರವಾಗಿದ್ದವು ಎನ್ನುವುದಿಲ್ಲ, ಅವರವು ಎನ್ನುತ್ತಾನೆ. ೧೧ನೆಯ ಅಧ್ಯಾಯದ ಮೊದಲಲ್ಲಿ ದೇವರು ತನ್ನ ಜನರನ್ನು ತಳ್ಳಿಬಿಟ್ಟನೇ ಎಂದು ತಾನೇ ಕೇಳಿ, ಎಂದಿಗೂ ಇಲ್ಲವೆಂದು ತಾನೇ ಉತ್ತರಿಸುತ್ತಾನೆ.

ಬಳಿಕ ಬರುವುದು ಮರದ ರೂಪಕ. ಕನ್ನಡ ಬೈಬಲಿನಲ್ಲಿ 'ಎಣ್ಣೆಮರ'ವೆಂದು ಕರೆಯಲಾಗಿರುವ ಆಲಿವ್ ಮರವದು. ಊರಿನ ಮರದಿಂದ ಕೆಲವು ಕೊಂಬೆಗಳು ಮುರಿದಿವೆ. ಕಾಡುಮರದ ಕೊಂಬೆಯೊಂದನ್ನು ತಂದು ಅಲ್ಲಿ ಕಸಿ ಮಾಡಲಾಗಿದೆ. ಅನ್ಯಜನರ ಸಭೆಯೇ ಆ ಕಾಡುಕೊಂಬೆ. ಕಸಿ ಬಲ್ಲ ನಮ್ಮ ಮಾವಿನ ತೋಟದ ಒಕ್ಕಲಿಗನಿಗೆ ಇಲ್ಲಿ ವಿಚಿತ್ರವೊಂದು ಕಾಣದೆ ಇರದು. ಗಟ್ಟಿಯಾದ ನಾಟಿ ಗಿಡದ ಬುಡದ ಮೇಲೆ ಒಳ್ಳೆಯ ತಳಿಯ ಕುಡಿಯನ್ನು ಕೂರಿಸುವುದು ಲೋಕರೂಢಿ. ಪೌಲನ ತೋಟದಲ್ಲಿ ಎಲ್ಲವೂ ತಿರುವುಮುರುವು: ಬುಡ ಒಳ್ಳೆಯ ತಳಿಯದು, ಕುಡಿ ಕಾಡಿನದು. ನಗರವಾಸಿ ಪೌಲನಿಗೆ ಕೃಷಿ ತಿಳಿಯದೆಂದು ಕೆಲವರು ಆಡಿಕೊಂಡದ್ದುಂಟು. ಆದರೆ ಇದು ಸ್ವಭಾವಕ್ಕೆ ವಿರುದ್ಧವಾದ ಕಸಿ ಎಂದು ಅವನೇ ಹೇಳಿದ್ದಾನೆ. ರೂಪಕದ ಬಲವಿರುವುದು ಈ ವಿರುದ್ಧತೆಯಲ್ಲಿಯೇ. ಸಭೆಯ ಇರವು ಸಹಜ ಹಕ್ಕಲ್ಲ, ಅನುಗ್ರಹ. ಬೇರಿನ ಸಾರವನ್ನು ಕುಡಿಯುವ ಕೊಂಬೆ ಬೇರಿನೆದುರು ಹೆಚ್ಚಳಪಡಬಾರದು. ಬೇರನ್ನು ಹೊತ್ತಿರುವುದು ಕೊಂಬೆಯಲ್ಲ, ಕೊಂಬೆಯನ್ನು ಹೊತ್ತಿರುವುದು ಬೇರು.

ಹಳತು ಹೊಸತಿನ ರೂಪಕಕ್ಕೂ ಮರದ ರೂಪಕಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗುತ್ತದೆ. ಹಳತು ಹೊಸತು ಕಾಲದ ರೂಪಕ. ಒಂದು ಬಂದಾಗ ಇನ್ನೊಂದು ಹೋಗಬೇಕು. ಮರ ಜೀವದ ರೂಪಕ. ಅಲ್ಲಿ ಹಳೆಯದು ಹೋದರೆ ಹೊಸದೂ ಒಣಗುತ್ತದೆ. ಪೌಲನ ತೀರ್ಮಾನವೂ ಇದಕ್ಕೆ ತಕ್ಕುದಾಗಿದೆ. ಸುವಾರ್ತೆಯ ವಿಷಯದಲ್ಲಿ ವಿರೋಧಿಗಳಾಗಿದ್ದರೂ ಪಿತೃಗಳ ನಿಮಿತ್ತ ಅವರು ಪ್ರಿಯರು. ಏಕೆಂದರೆ ಕೊಟ್ಟ ವರಗಳ ಬಗೆಗೂ ಮಾಡಿದ ಕರೆಯ ಬಗೆಗೂ ದೇವರು ಮನಸ್ಸು ಬದಲಿಸುವವನಲ್ಲ. ಇದು ಕರಾರಿನ ಭಾಷೆಯಲ್ಲ. ಅಬ್ರಾಮನು ನಿದ್ರಿಸುತ್ತಿದ್ದಾಗ ಉರಿದ ಪಂಜಿನ ಭಾಷೆ.

ಪೌಲನನ್ನು ಇಷ್ಟಕ್ಕೇ ಸೀಮಿತಗೊಳಿಸುವುದು ಪ್ರಾಮಾಣಿಕವಾಗದು. ಗಲಾತ್ಯದವರಿಗೆ ಬರೆದ ಪತ್ರಿಕೆಯ ೪ನೆಯ ಅಧ್ಯಾಯದಲ್ಲಿ ಅವನು ಹಾಗರ ಮತ್ತು ಸಾರಳನ್ನು ಎರಡು ಒಡಂಬಡಿಕೆಗಳ ದೃಷ್ಟಾಂತವಾಗಿಸಿ ಒಂದನ್ನು ದಾಸತ್ವದೊಡನೆ ಸಮೀಕರಿಸುತ್ತಾನೆ. 'ಹಳೆಯ ಒಡಂಬಡಿಕೆ' ಎಂಬ ಪದಪುಂಜ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಬಾರಿ ಬರುತ್ತದೆ, ಅದೂ ಪೌಲನಲ್ಲಿಯೇ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ೩ನೆಯ ಅಧ್ಯಾಯದಲ್ಲಿ. ಆದರೆ ಅವು ತನ್ನದೇ ಸಭೆಗಳೊಳಗಿನ ಎದುರಾಳಿಗಳೊಡನೆ ನಡೆದ ಜಗಳದ ಕಾವಿನಲ್ಲಿ ಬಂದ ಮಾತುಗಳು. ಇಸ್ರಾಯೇಲಿನ ಗತಿಯೇನು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು ಮೂರು ಅಧ್ಯಾಯಗಳುದ್ದಕ್ಕೆ ಚರ್ಚಿಸಿದ್ದು ರೋಮಾಪುರದ ಪತ್ರಿಕೆಯಲ್ಲಿ ಮಾತ್ರ. ಒಬ್ಬ ಲೇಖಕನ ನಿಲುವನ್ನು ಅವನು ಪ್ರಶ್ನೆಯನ್ನು ನೇರವಾಗಿ ಎದುರಿಸಿದೆಡೆಯಿಂದ ನಿರ್ಣಯಿಸುವುದು ವಿಮರ್ಶೆಯ ಸಾಮಾನ್ಯ ನ್ಯಾಯ.

೫

ಇತಿಹಾಸ ಈ ನ್ಯಾಯವನ್ನು ಪಾಲಿಸಲಿಲ್ಲ. ಬಾರ್ನಬನ ಹೆಸರಿನಲ್ಲಿರುವ ಪ್ರಾಚೀನ ಪತ್ರಿಕೆಯೊಂದು, ಮೋಶೆ ಶಿಲಾಶಾಸನಗಳನ್ನು ಒಡೆದ ದಿನವೇ ಯೆಹೂದ್ಯರು ಒಡಂಬಡಿಕೆಯನ್ನು ಕಳೆದುಕೊಂಡರೆಂದು ವಾದಿಸಿತು. ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನ್, ಟ್ರಿಫೋ ಎಂಬ ಯೆಹೂದ್ಯನೊಡನೆ ನಡೆದಂತೆ ಬರೆದ ಸಂವಾದದಲ್ಲಿ, ನಿಜವಾದ ಇಸ್ರಾಯೇಲು ತಾವೇ ಎಂದು ಕ್ರೈಸ್ತರ ಪರವಾಗಿ ಹೇಳಿದನು. ಅದೇ ಕಾಲದಲ್ಲಿ ಮಾರ್ಸಿಯನ್ ಹೀಬ್ರೂ ಧರ್ಮಗ್ರಂಥವನ್ನೇ ಕೈಬಿಡಬೇಕೆಂದಾಗ ಸಭೆ ಅವನನ್ನು ಹೊರಹಾಕಿತು. ಈ ನಿರ್ಣಯದ ಮಹತ್ವ ದೊಡ್ಡದು. ಆದರೆ ಗ್ರಂಥವನ್ನು ಉಳಿಸಿಕೊಂಡವರು ಗ್ರಂಥದ ಜನರನ್ನು ಉಳಿಸಿಕೊಳ್ಳಲಿಲ್ಲ. ಆಗಸ್ಟಿನ್ ಯೆಹೂದ್ಯರನ್ನು ಕೊಲ್ಲಬಾರದೆಂದು ವಾದಿಸಿದ್ದು ನಿಜ. ಕಾರಣ, ಅವರು ಕ್ರೈಸ್ತರ ಗ್ರಂಥಗಳ ಪ್ರಾಚೀನತೆಗೆ ಸಾಕ್ಷಿಗಳು. ಒಡೆಯನ ಮಗ ಶಾಲೆಗೆ ಹೋಗುವಾಗ ಹಿಂದೆ ಪುಸ್ತಕ ಹೊತ್ತು ನಡೆಯುವ ಆಳಿಗೆ ಅವನು ಅವರನ್ನು ಹೋಲಿಸುತ್ತಾನೆ. ಬೇರು ಈಗ ಹೊರೆಯಾಳಾಯಿತು. ಪೌಲನ ರೂಪಕ ತಲೆಕೆಳಗಾದುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇದೇ ತಿರುವು ಶಿಲ್ಪದಲ್ಲಿಯೂ ಮೂಡಿತು. ಸ್ಟ್ರಾಸ್‌ಬರ್ಗಿನ ಮಹಾದೇವಾಲಯದಲ್ಲಿ ೧೩ನೆಯ ಶತಮಾನದ ಎರಡು ಸ್ತ್ರೀ ವಿಗ್ರಹಗಳಿದ್ದವು. ಮೂಲವಿಗ್ರಹಗಳು ಈಗ ಸಂಗ್ರಹಾಲಯದಲ್ಲಿವೆ. ಒಬ್ಬಳು ಸಭೆ, ಕಿರೀಟಧಾರಿಣಿ. ಇನ್ನೊಬ್ಬಳು ಸಿನಗಾಗ್; ಅವಳ ಕಣ್ಣಿಗೆ ಬಟ್ಟೆ ಕಟ್ಟಿದೆ, ಭಲ್ಲೆ ಮುರಿದಿದೆ, ಧರ್ಮಶಾಸನ ಕೈಯಿಂದ ಜಾರುತ್ತಿದೆ. ಶಿಲ್ಪದ ಸೌಂದರ್ಯ ಅಸಾಧಾರಣ. ಅದು ಹೇಳುವ ಮಾತು ಪಂಚಾಂಗದ ಮಾತು. ೧೨೧೫ರ ನಾಲ್ಕನೆಯ ಲ್ಯಾಟರನ್ ಸಮ್ಮೇಳನ ಯೆಹೂದ್ಯರು ಉಡುಪಿನಿಂದ ಗುರುತಿಸಿಕೊಳ್ಳಬೇಕೆಂದು ವಿಧಿಸಿತು. ೧೪೯೨ರಲ್ಲಿ ಸ್ಪೇನಿನಿಂದ ಅವರನ್ನು ಹೊರದೂಡಲಾಯಿತು. ೧೫೨೩ರಲ್ಲಿ ಯೇಸು ಹುಟ್ಟಿನಿಂದ ಯೆಹೂದ್ಯನೆಂದು ನೆನಪಿಸಿ ಬರೆದ ಲೂಥರ್, ೧೫೪೩ರಲ್ಲಿ ಅವರ ಸಿನಗಾಗ್‌ಗಳನ್ನು ಸುಡಬೇಕೆಂದು ಬರೆದನು. ಕ್ಯಾಲ್ವಿನ್ ಮಾತ್ರ ಒಡಂಬಡಿಕೆ ಸತ್ತ್ವದಲ್ಲಿ ಒಂದೇ, ನಿರ್ವಹಣೆಯಲ್ಲಿ ಮಾತ್ರ ಭಿನ್ನ ಎಂಬ ಇನ್ನೊಂದು ದಾರಿಯನ್ನು ತೆರೆದನು. ಆದರೆ ಅವನಲ್ಲಿಯೂ ಆ ಏಕತೆಯ ಫಲಾನುಭವಿ ಸಭೆಯೇ. ನಾತ್ಸಿಗಳ ಜನಾಂಗದ್ವೇಷ ಬೇರೆ ಮೂಲಗಳಿಂದಲೂ ಬಂದುದು. ಅದನ್ನು ಈ ಸಿದ್ಧಾಂತದ ನೇರ ಫಲವೆನ್ನುವುದು ಅತಿವ್ಯಾಪ್ತಿ. ಆದರೆ ದೇವರೇ ಕೈಬಿಟ್ಟವರೆಂದು ಶತಮಾನಗಳ ಕಾಲ ಕೇಳುತ್ತ ಬಂದ ಕಿವಿಗಳು ನೆರೆಯವರ ಕೂಗಿಗೆ ಕಿವುಡಾದವು ಎನ್ನುವುದು ಅತಿಶಯೋಕ್ತಿಯಲ್ಲ.

೬

ಬದಲಾವಣೆಗೆ ಕಾರಣರಾದವರಲ್ಲಿ ಫ್ರಾನ್ಸಿನ ಯೆಹೂದಿ ಇತಿಹಾಸಕಾರ ಜೂಲ್ಸ್ ಇಸಾಕ್ ಮುಖ್ಯರು. ಪತ್ನಿ ಮತ್ತು ಮಗಳನ್ನು ಔಶ್ವಿತ್ಸ್‌ನಲ್ಲಿ ಕಳೆದುಕೊಂಡ ಅವರು ೧೯೪೮ರಲ್ಲಿ ಯೇಸು ಮತ್ತು ಇಸ್ರಾಯೇಲನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿ, ಕ್ರೈಸ್ತ ಬೋಧನೆಯಲ್ಲಿ ಸೇರಿಹೋಗಿದ್ದ ತಿರಸ್ಕಾರಕ್ಕೆ ಸುವಾರ್ತೆಗಳಲ್ಲಿ ಆಧಾರವಿಲ್ಲವೆಂದು ತೋರಿಸಿದರು. ೧೯೬೦ರ ಜೂನಿನಲ್ಲಿ ಅವರು ಪೋಪ್ ೨೩ನೆಯ ಜಾನರನ್ನು ಭೇಟಿಯಾದುದು ಎರಡನೆಯ ವ್ಯಾಟಿಕನ್ ಸಮ್ಮೇಳನದ ಕಾರ್ಯಸೂಚಿಯ ಮೇಲೆ ಪರಿಣಾಮ ಬೀರಿತು. ೧೯೬೫ರ ಅಕ್ಟೋಬರ್ ೨೮ರಂದು ೨,೨೨೧ ಮತಗಳ ಬೆಂಬಲದಿಂದ, ೮೮ ಮತಗಳ ವಿರೋಧದಲ್ಲಿ ಅಂಗೀಕೃತವಾದ 'ನೋಸ್ತ್ರಾ ಎಟಾಟೆ' ಘೋಷಣೆಯ ನಾಲ್ಕನೆಯ ಪರಿಚ್ಛೇದ ಯೆಹೂದ್ಯರ ಬಗೆಗಿನದು. ಅದು ನಿಂತಿರುವುದು ಇಬ್ರಿಯರ ಪತ್ರಿಕೆಯ ಮೇಲಲ್ಲ, ರೋಮಾಪುರದ ಪತ್ರಿಕೆಯ ೯ ಮತ್ತು ೧೧ನೆಯ ಅಧ್ಯಾಯಗಳ ಮೇಲೆ. ೧೯೮೦ರ ಜನವರಿಯಲ್ಲಿ ಜರ್ಮನಿಯ ರೈನ್‌ಲ್ಯಾಂಡ್ ಪ್ರಾಟೆಸ್ಟೆಂಟ್ ಸಭೆಯ ಸಿನೊಡ್ ಯೆಹೂದ್ಯರ ಆಯ್ಕೆ ಶಾಶ್ವತವೆಂದು ಒಪ್ಪಿತು. ಅದೇ ವರ್ಷದ ನವೆಂಬರಿನಲ್ಲಿ ಎರಡನೆಯ ಜಾನ್ ಪಾಲ್ ಮೈಂಟ್ಸ್ ನಗರದಲ್ಲಿ ಯೆಹೂದಿ ಪ್ರತಿನಿಧಿಗಳೆದುರು ಮಾತನಾಡುತ್ತ, ಅವರನ್ನು ದೇವರು ಎಂದೂ ರದ್ದುಮಾಡದ ಒಡಂಬಡಿಕೆಯ ಜನರೆಂದು ಕರೆದರು.

ವಿದ್ವತ್ತಿನಲ್ಲಿಯೂ ಇದೇ ದಿಕ್ಕಿನ ಚಲನೆ ಕಾಣುತ್ತದೆ. ಪೌಲನ ಪ್ರಶ್ನೆ ಪಾಪಭೀತ ವ್ಯಕ್ತಿಯ ಅಂತಃಸಾಕ್ಷಿಯದಲ್ಲ, ಎರಡು ಜನಸಮುದಾಯಗಳ ಸಂಬಂಧದ್ದು ಎಂದು ಕ್ರಿಸ್ಟರ್ ಸ್ಟೆಂಡಾಲ್ ವಾದಿಸಿದರು. ಅವರಿಗೆ ೯ರಿಂದ ೧೧ರ ಅಧ್ಯಾಯಗಳು ಅನುಬಂಧವಲ್ಲ, ಪತ್ರಿಕೆಯ ಶಿಖರ. ಇ. ಪಿ. ಸ್ಯಾಂಡರ್ಸ್ ೧೯೭೭ರ ತಮ್ಮ ಗ್ರಂಥದಲ್ಲಿ, ಪೌಲನ ಕಾಲದ ಯೆಹೂದ್ಯ ಧರ್ಮ ಪುಣ್ಯದ ಲೆಕ್ಕಾಚಾರವಾಗಿರಲಿಲ್ಲ, ದೇವರ ಕೃಪೆಯಿಂದ ದೊರೆತ ಒಡಂಬಡಿಕೆಗೆ ತೋರುವ ನಿಷ್ಠೆಯೇ ಧರ್ಮಶಾಸ್ತ್ರದ ಪಾಲನೆಯಾಗಿತ್ತು ಎಂದು ಆಕರಗಳಿಂದ ತೋರಿಸಿದರು. ಕೃಪೆ ಒಂದು ಕಡೆ, ಶಾಸ್ತ್ರ ಇನ್ನೊಂದು ಕಡೆ ಎಂಬ ಹಳೆಯ ವಿಭಜನೆ ಇದರಿಂದ ಸಡಿಲವಾಯಿತು.

ಹಾಗೆಂದು ವಿವಾದ ಮುಗಿದಿಲ್ಲ. ಯೆಹೂದ್ಯರೊಡನೆ ಒಡಂಬಡಿಕೆ ಜೀವಂತವಾಗಿದ್ದರೆ ಅವರಿಗೆ ಸುವಾರ್ತೆ ಸಾರುವ ಅಗತ್ಯವಿದೆಯೇ? ಅಮೆರಿಕದ ಕ್ಯಾಥೊಲಿಕ್ ಮತ್ತು ಯೆಹೂದಿ ವಿದ್ವಾಂಸರು ೨೦೦೨ರಲ್ಲಿ ಇದನ್ನು ಕುರಿತು ಟಿಪ್ಪಣಿ ಹೊರಡಿಸಿದಾಗ, ಕ್ಯಾಥೊಲಿಕ್ ಪಕ್ಷದ ನಿಲುವನ್ನು ಕಾರ್ಡಿನಲ್ ಆವರಿ ಡಲ್ಲಸ್ ಇಬ್ರಿಯರ ಪತ್ರಿಕೆಯನ್ನೇ ಮುಂದಿಟ್ಟು ಆಕ್ಷೇಪಿಸಿದರು. ೨೦೧೫ರ ಡಿಸೆಂಬರಿನಲ್ಲಿ ವ್ಯಾಟಿಕನ್ನಿನ ಆಯೋಗ ಪ್ರಕಟಿಸಿದ ದಾಖಲೆ ತನ್ನ ಶೀರ್ಷಿಕೆಯನ್ನು ಪೌಲನ ೧೧ನೆಯ ಅಧ್ಯಾಯದಿಂದ ಪಡೆದುಕೊಂಡಿತು. ಯೆಹೂದ್ಯರನ್ನೇ ಗುರಿಯಾಗಿಸಿಕೊಂಡ ಸಾಂಸ್ಥಿಕ ಮಿಷನ್ನನ್ನು ತಾನು ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲವೆಂದಿತು. ಆದರೆ ಕ್ರಿಸ್ತನಿಲ್ಲದ ಎರಡನೆಯ ರಕ್ಷಣಾಮಾರ್ಗವಿದೆ ಎಂದು ಹೇಳಲೂ ಒಪ್ಪಲಿಲ್ಲ. ನಿವೃತ್ತ ಪೋಪ್ ೧೬ನೆಯ ಬೆನೆಡಿಕ್ಟ್ ೨೦೧೮ರಲ್ಲಿ ಪ್ರಕಟವಾದ ಲೇಖನದಲ್ಲಿ, 'ಎಂದೂ ರದ್ದಾಗದ' ಎಂಬ ಸೂತ್ರ ದೇವರ ಮತ್ತು ಜನರ ನಡುವಿನ ನಾಟಕೀಯ ಇತಿಹಾಸಕ್ಕೆ ಸಾಲದೆಂದು ಸಂಶಯ ವ್ಯಕ್ತಪಡಿಸಿದರು.

ಈ ಇಕ್ಕಟ್ಟು ದಾಖಲೆಗಳ ದೌರ್ಬಲ್ಯವಲ್ಲವೆಂದು ನಾವು ತಿಳಿಯುತ್ತೇವೆ. ಪೌಲನೂ ಇದನ್ನು ಬಿಡಿಸಲಿಲ್ಲ. ಇಸ್ರಾಯೇಲೆಲ್ಲ ರಕ್ಷಣೆ ಹೊಂದುವುದೆಂದು ಹೇಳಿ, ಹೇಗೆ ಎಂಬುದನ್ನು ಮರ್ಮವೆಂದು ಕರೆದು, ದೇವರ ತೀರ್ಪುಗಳ ಅಗಾಧತೆಯನ್ನು ಕೊಂಡಾಡುತ್ತ ಅಧ್ಯಾಯವನ್ನು ಮುಗಿಸುತ್ತಾನೆ. ಅವನು ಬಿಡಿಸಿದ್ದು ಬೇರೊಂದನ್ನು: ಅನ್ಯಜನರಾದ ಕ್ರೈಸ್ತರು ಯಾವ ನಿಲುವಿನಲ್ಲಿ ನಿಲ್ಲಬಾರದು ಎಂಬುದನ್ನು. ಅವನ ತರ್ಕ ಸರಳ. ದೇವರು ಇಸ್ರಾಯೇಲಿಗೆ ಕೊಟ್ಟ ಭಾಷೆಗೆ ತಪ್ಪಬಲ್ಲನಾದರೆ ಸಭೆಗೆ ಕೊಟ್ಟ ಭಾಷೆಗೂ ತಪ್ಪಬಲ್ಲನು. ಜನರ ಅಪನಂಬಿಕೆ ಒಂದು ಕಡೆ ಮಾತನ್ನು ರದ್ದುಮಾಡಬಲ್ಲದಾದರೆ ಇನ್ನೊಂದು ಕಡೆಯೂ ಮಾಡಬಲ್ಲದು. ಕ್ರೈಸ್ತ ಸಭೆಯ ಇತಿಹಾಸವಾದರೂ ನಿಷ್ಠೆಯಿಂದ ತುಂಬಿದೆಯೆನ್ನಲು ಯಾರಿಗೂ ಧೈರ್ಯ ಸಾಲದು. ಸ್ಥಾನಪಲ್ಲಟದ ಸಿದ್ಧಾಂತ ಯೆಹೂದ್ಯರ ಬೇರನ್ನು ಕಡಿಯಲು ಎತ್ತಿದ ಕೊಡಲಿ, ಆದರೆ ಅದನ್ನು ಹಿಡಿದವನು ಕುಳಿತಿರುವುದು ಅದೇ ಮರದ ಕೊಂಬೆಯ ಮೇಲೆ.

ಇಷ್ಟನ್ನು ಹೇಳಿದ ಮೇಲೆ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು, ಯೆಹೂದಿ ಓದುಗನಿಗೆ ಮುರಿದ ಕೊಂಬೆಗಳ ಈ ರೂಪಕ ಸಮಾಧಾನ ತರಬೇಕಾಗಿಲ್ಲ. ತನ್ನ ಒಡಂಬಡಿಕೆ ಊರ್ಜಿತವೆಂಬುದಕ್ಕೆ ಅವನಿಗೆ ಸಭೆಯ ದೃಢೀಕರಣ ಪತ್ರ ಬೇಕಿಲ್ಲ. ಈ ಚರ್ಚೆ ಕ್ರೈಸ್ತರು ತಮ್ಮನ್ನು ತಿದ್ದಿಕೊಳ್ಳುವ ಚರ್ಚೆಯೇ ಹೊರತು ಯೆಹೂದ್ಯರಿಗೆ ಕೊಡುವ ದಾನವಲ್ಲ. ಎರಡನೆಯದು, ಒಡಂಬಡಿಕೆಯ ಶಾಶ್ವತತೆಯಿಂದ ಇಂದಿನ ರಾಜ್ಯದ ಗಡಿಗಳನ್ನು ಎಳೆಯಲಾಗದು. ೧೯೦೯ರ ಸ್ಕೋಫೀಲ್ಡ್ ಬೈಬಲಿನ ಮೂಲಕ ಹರಡಿದ ಒಂದು ಬಗೆಯ ವ್ಯಾಖ್ಯಾನ ಅಂಥ ನೇರ ಗೆರೆಯನ್ನು ಎಳೆಯಲು ದಾರಿ ಮಾಡಿತು; ಅದರ ಬೆಲೆಯನ್ನು ತೆತ್ತವರಲ್ಲಿ ಅದೇ ನೆಲದ ಪ್ಯಾಲೆಸ್ತೀನಿ ಕ್ರೈಸ್ತರೂ ಇದ್ದಾರೆಂದು ನಯೀಮ್ ಅತೀಕ್ ೧೯೮೯ರಲ್ಲಿಯೇ ಬರೆದರು. ವ್ಯಾಟಿಕನ್ನಿನ ೧೯೮೫ರ ಟಿಪ್ಪಣಿ ಆ ರಾಜ್ಯದ ಅಸ್ತಿತ್ವವನ್ನು ಅಂತರರಾಷ್ಟ್ರೀಯ ಕಾನೂನಿನ ತತ್ತ್ವಗಳಡಿ ನೋಡಬೇಕೆಂದದ್ದು ವಿವೇಕದ ಮಾತು. ದೇವರ ಭಾಷೆ ಯಾರ ಮನೆಯನ್ನೂ ಕಿತ್ತುಕೊಳ್ಳುವ ಪರವಾನಗಿಯಾಗಬಾರದು.

೭

ಭಾರತದಲ್ಲಿ ಕುಳಿತು ಇದನ್ನು ಓದುವ ನಮಗೂ ಇಲ್ಲಿ ಒಂದು ಪಾಲಿದೆ. ಹೀಬ್ರೂ ಧರ್ಮಗ್ರಂಥ ಕ್ರಿಸ್ತನಿಗೆ ಬರಿಯ ಪೂರ್ವಪೀಠಿಕೆಯಾದರೆ, ಭಾರತೀಯ ಕ್ರೈಸ್ತರಿಗೆ ಆ ಪೀಠಿಕೆಯ ಜಾಗದಲ್ಲಿ ಉಪನಿಷತ್ತುಗಳನ್ನು ಏಕೆ ಇಡಬಾರದು ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಎದ್ದಿದೆ. ೧೯೭೪ರಲ್ಲಿ ಬೆಂಗಳೂರಿನಲ್ಲಿ ಬೈಬಲೇತರ ಧರ್ಮಗ್ರಂಥಗಳನ್ನು ಕುರಿತು ನಡೆದ ಸಂಶೋಧನಾ ಗೋಷ್ಠಿ, ಈ ನೆಲದ ಗ್ರಂಥಗಳಿಗೆ ಕ್ರೈಸ್ತ ಬದುಕಿನಲ್ಲಿ ಎಂಥ ಸ್ಥಾನವೆಂಬುದನ್ನು ಗಂಭೀರವಾಗಿ ಎತ್ತಿಕೊಂಡಿತು. ಆ ಹುಡುಕಾಟವನ್ನು ನಾವು ಗೌರವಿಸುತ್ತೇವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೆಂಬ ಯೋಚನೆ, ತನಗರಿವಿಲ್ಲದೆ, ಪಂಚಾಂಗದ ಅರ್ಥವನ್ನೇ ಒಪ್ಪಿಕೊಂಡಿರುತ್ತದೆ. ಬೇರಿನ ಅರ್ಥವನ್ನು ಹಿಡಿದರೆ ಆ ಗ್ರಂಥ ಹಿನ್ನೆಲೆಯ ಸಾಮಗ್ರಿಯಲ್ಲ. ಅದು ಇಂದಿಗೂ ಬದುಕಿರುವ ಒಂದು ಜನದ ಗ್ರಂಥ. ಉಪನಿಷತ್ತನ್ನು ಅದರ ಪಕ್ಕದಲ್ಲಿಟ್ಟು ಓದಬಹುದು, ಅದನ್ನು ಎತ್ತಿಹಾಕಿ ಅಲ್ಲಿಡಲಾಗದು.

ಆ ಜನ ನಮಗೆ ದೂರದವರೂ ಅಲ್ಲ. ಮುಂಬಯಿಯ ಓದುಗರಿಗೆ ೧೭೯೬ರಲ್ಲಿ ಕಟ್ಟಿದ ಬೆನೆ ಇಸ್ರಾಯೇಲರ ಸಿನಗಾಗ್ ಗೊತ್ತಿರಬಹುದು. ಪುಣೆಯವರು ದಾವೀದ್ ಸಸ್ಸೂನ್ ಕಟ್ಟಿಸಿದ ಕೆಂಪು ಇಟ್ಟಿಗೆಯ ಸಿನಗಾಗನ್ನು 'ಲಾಲ್ ದೇವುಳ್' ಎಂದು ಮರಾಠಿಯಲ್ಲಿ ಕರೆಯುತ್ತ ದಿನವೂ ಅದರ ಮುಂದೆ ಹಾದುಹೋಗುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರು ಎಣ್ಣೆಯ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ'ಗಳೆಂದು, ಅಂದರೆ ಶನಿವಾರದ ಗಾಣಿಗರೆಂದು, ಕರೆದರು. ವಿಮೋಚನಕಾಂಡ ಸಬ್ಬತ್ತನ್ನು ಶಾಶ್ವತ ಒಡಂಬಡಿಕೆಯ ಗುರುತೆಂದು ಹೇಳುತ್ತದೆ. ೧೯ನೆಯ ಶತಮಾನದಲ್ಲಿ ಜಾನ್ ವಿಲ್ಸನ್ ಮೊದಲಾದ ಮಿಷನರಿಗಳು ಅವರಿಗೆ ಹೀಬ್ರೂ ಕಲಿಸಿದರು, ಮರಾಠಿಯಲ್ಲಿ ಬೈಬಲ್ಲನ್ನು ಒದಗಿಸಿದರು. ಉದ್ದೇಶ ಮತಾಂತರವಾಗಿದ್ದರೂ ಮತಾಂತರವಾದವರು ತೀರ ಕಡಿಮೆ. ತಮ್ಮ ಗ್ರಂಥವನ್ನು ತಮ್ಮ ಭಾಷೆಯಲ್ಲಿ ಓದಿಕೊಂಡ ಆ ಸಮುದಾಯ ತನ್ನ ಯೆಹೂದಿತನದಲ್ಲಿ ಇನ್ನಷ್ಟು ಗಟ್ಟಿಯಾಯಿತು. 'ಹಳೆಯ' ಎಂದು ಹೆಸರಿಟ್ಟು ಕೊಟ್ಟ ಪುಸ್ತಕ ಪಡೆದವರ ಕೈಯಲ್ಲಿ ಬೇರಾಗಿ ಇಳಿಯಿತು.

ಕನ್ನಡ ಬೈಬಲಿನ ಶೀರ್ಷಿಕೆಯನ್ನು ಬದಲಾಯಿಸಬೇಕೇ? ಮೊದಲನೆಯ ಒಡಂಬಡಿಕೆ, ಹೀಬ್ರೂ ಧರ್ಮಗ್ರಂಥ ಎಂಬ ಪರ್ಯಾಯಗಳು ವಿದ್ವತ್ ವಲಯದಲ್ಲಿ ಬಳಕೆಯಲ್ಲಿವೆ. ಅವುಗಳಿಗೆ ಅವುಗಳದೇ ತೊಡಕುಗಳೂ ಇವೆ. ನೂರಾರು ವರ್ಷಗಳ ವಾಡಿಕೆಯ ಹೆಸರನ್ನು ಒಂದು ಲೇಖನ ಬದಲಿಸಲಾರದು, ಬದಲಿಸಬೇಕಾದ ಅಗತ್ಯವೂ ಇಲ್ಲ. ಹೆಸರು ಇರಲಿ. ಆದರೆ ಆ ಶೀರ್ಷಿಕೆಯನ್ನು ಓದುವಾಗ ನಮ್ಮ ಕಣ್ಣೆದುರು ಕಳೆದ ವರ್ಷದ ಪಂಚಾಂಗ ಬರದಿರಲಿ. ಕೊಂಕಣದ ಆ ನಿಂತ ಗಾಣ ಬರಲಿ.